ಬೀಪ್ ಅಂದಿದ್ದೆಲ್ಲ ಬಂಗಾರವಲ್ಲ

ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ಒಂಬತ್ತಕ್ಕೆ ಕಾಲ್ ಇದೆ, ಇವತ್ತಾದ್ರೂ ಬೇಗ ಮಲಗೋಣ ಅಂತ ಲೈಟ್ ಆರಿಸಿ, ಐದೇ ನಿಮಿಷ ಅಂತ ಮೊಬೈಲ್ ಕೈಗೆ ತಗೊಂಡೆ. ಒಂದು ಗಂಟೆಯಾದ್ರೂ ನಾನಿನ್ನೂ ಫ್ಲಾರಿಡಾದ ಸಮುದ್ರತೀರದಲ್ಲೇ ಇದ್ದೆ. ಬಿರುಗಾಳಿ ಹೋದ ಮರುದಿನ ಮೆಟಲ್ ಡಿಟೆಕ್ಟರ್ ಹಿಡ್ಕೊಂಡು ಬೀಚ್ ಜಾಲಾಡೋರ ವಿಡಿಯೋಗಳು. ಒಂದು ನೋಡಿದ್ರೆ ಸಾಕು, ಆಮೇಲೆ ಯೂಟ್ಯೂಬೇ ನಿಮ್ಮನ್ನ ಬಿಡಲ್ಲ. ಎರಡು ಚಳಿಗಾಲದಿಂದ ಇದೇ ನನ್ನ ಜೋಗುಳ. ಇಷ್ಟು ನೋಡಿದ ಮೇಲೆ ಇವುಗಳ ಬಗ್ಗೆ ಎರಡು ಮಾತು ಆಡುವ ಹಕ್ಕು ನನಗಿದೆ ಅಂದ್ಕೊಂಡಿದ್ದೀನಿ.

ಈ ವಿಡಿಯೋಗಳಿಗೆ ನಮ್ಮ ಮಾಸ್ ಸಿನಿಮಾಗಳ ಹಾಗೆ ಒಂದು ಸಿದ್ಧ ವ್ಯಾಕರಣ ಇದೆ. ಮೊದಲು ಬೂದು ಆಕಾಶ, ಅಬ್ಬರಿಸುವ ಅಲೆ. ಆಮೇಲೆ "ಸ್ಟಾರ್ಮ್ ಭಾರೀ ಕೆಲಸ ಮಾಡಿದೆ ಗೆಳೆಯರೇ" ಅನ್ನೋ ಧಾಟಿಯ ಮಾತು. ಆಮೇಲೆ ಬೀಪ್. ಜಾಲರಿ ಸಲಿಕೆಯಲ್ಲಿ ಮರಳು ಸೋಸುತ್ತೆ, ಕೈಗೊಂದು ಉಂಗುರ ಬರುತ್ತೆ, ಬಾಯಿ ಅಷ್ಟಗಲ ತೆರೆಯುತ್ತೆ. ಆ ತೆರೆದ ಬಾಯೇ ಥಂಬ್‌ನೇಲ್. ಹದಿನೈದು ನಿಮಿಷದಲ್ಲಿ ನಾಲ್ಕು ಉಂಗುರ, ಎರಡು ಸರ, ಒಂದು ಹಿಡಿ ಚಿಲ್ಲರೆ. ಅಷ್ಟು ಸಿಗೋಕೆ ಎಷ್ಟು ಗಂಟೆ ನಡೆದ್ರು, ಎಷ್ಟು ಗುಂಡಿ ದಂಡವಾಯ್ತು? ಅದೆಲ್ಲ ಎಡಿಟಿಂಗ್ ಟೇಬಲ್ ಮೇಲೇ ಉಳೀತು.

ಹೀಗೆ ಬಿಟ್ಟುಹೋಗಿದ್ದರಲ್ಲೇ ನಿಜವಾದ ಸ್ವಾರಸ್ಯ ಇರೋದು. ಚಳಿಗಾಲದಲ್ಲಿ ಅಲ್ಲಿ ನಾರ್‌ಈಸ್ಟರ್ ಅನ್ನೋ ಗಾಳಿ ಈಶಾನ್ಯದಿಂದ ದಿನಗಟ್ಟಲೆ ಬೀಸುತ್ತೆ. ಕಡಿದಾದ ಅಲೆಗಳು ಒಂದರ ಹಿಂದೆ ಒಂದು ಬಂದು ದಡದ ಮರಳನ್ನ ಎಳೆದು ಸಮುದ್ರದೊಳಗೆ ದಿಬ್ಬ ಹಾಕುತ್ತವೆ. ಬೇಸಿಗೆಯ ಮೆತ್ತಗಿನ ಅಲೆಗಳು ಅದೇ ಮರಳನ್ನ ನಿಧಾನವಾಗಿ ವಾಪಸ್ ತರುತ್ತವೆ. ಈ ಕೊಡು-ಕೊಳ್ಳುವಿಕೆಯಲ್ಲಿ ಹಗುರವಾದದ್ದು ಓಡಾಡುತ್ತಿರುತ್ತೆ, ಭಾರವಾದದ್ದು ಕೆಳಗಿಳಿಯುತ್ತೆ. ಮರಳಿನ ಸಾಂದ್ರತೆ ನೀರಿನ ಎರಡೂವರೆ ಪಟ್ಟು ಚಿಲ್ಲರೆ, ಅಪ್ಪಟ ಚಿನ್ನದ್ದು 19 ಪಟ್ಟು. ಹಾಗಾಗಿ ಚಿನ್ನ ಮೆಲ್ಲಗೆ ಇಳಿದು ಅಡಿಯ ಗಟ್ಟಿ ಪದರದ ಮೇಲೆ ಕೂರುತ್ತೆ. ದೊಡ್ಡ ಗಾಳಿ ಬಂದು ಮೇಲಿನ ಮರಳನ್ನ ಆಳೆತ್ತರ ಕೊಯ್ದುಕೊಂಡು ಹೋದಾಗ ಮಾತ್ರ ಆ ಪದರ ಕೈಗೆ ಎಟುಕುತ್ತೆ.

ಯಂತ್ರದ ಕತೆಯೂ ಅಷ್ಟೇ. ಅದು "ಏನೋ ಇದೆ" ಅನ್ನುತ್ತೆ, ಏನು ಅಂತ ಖಚಿತವಾಗಿ ಹೇಳಲ್ಲ. ಉಪ್ಪುನೀರಲ್ಲಿ ನೆಂದ ಮರಳೇ ವಿದ್ಯುತ್ ಹರಿಸೋದರಿಂದ ಸಾಧಾರಣ ಡಿಟೆಕ್ಟರ್ ಸುಮ್ಮಸುಮ್ಮನೆ ಕಿರುಚುತ್ತೆ. ಕೋಲಾ ಕ್ಯಾನಿನ ಅಲ್ಯೂಮಿನಿಯಂ ಕಿವಿ, ಚಿನ್ನದ ಉಂಗುರ ಎರಡೂ ಹೆಚ್ಚುಕಮ್ಮಿ ಒಂದೇ ಥರ ಸದ್ದು ಮಾಡ್ತವೆ. ಚಿನ್ನ ಬೇಕು ಅಂದ್ರೆ ಕ್ಯಾನ್ ಕಿವಿಗಳನ್ನೂ ಅಗೆಯಲೇಬೇಕು, ಬೇರೆ ದಾರಿಯಿಲ್ಲ. ಮೆಕೆಂಜಿ ಕ್ರುಕ್ ಬರೆದು ನಿರ್ದೇಶಿಸಿದ 'ಡಿಟೆಕ್ಟರಿಸ್ಟ್ಸ್' (2014) ಅನ್ನೋ ಬಿಬಿಸಿ ಧಾರಾವಾಹಿ ನಡೆಯೋದು ಇಂಗ್ಲೆಂಡಿನ ಹೊಲಗಳಲ್ಲಿ, ಬೀಚ್‌ನಲ್ಲಲ್ಲ. ಆದರೂ ಈ ಹವ್ಯಾಸದ ಸತ್ಯ ಅದರಲ್ಲೇ ಹೆಚ್ಚಿದೆ. ಇಬ್ಬರು ಗೆಳೆಯರು ಅಗೀತಾರೆ, ಕ್ಯಾನ್ ಕಿವಿ ಸಿಗುತ್ತೆ, ಮರದ ಕೆಳಗೆ ಕೂತು ಹರಟುತ್ತಾರೆ, ಮತ್ತೆ ಅಗೀತಾರೆ. ಯೂಟ್ಯೂಬ್ ಕತ್ತರಿಸಿ ಎಸೆಯೋದನ್ನೇ ಕ್ರುಕ್ ಕತೆ ಮಾಡಿಕೊಂಡಿದ್ದಾರೆ.

ಹಾಗಾದ್ರೆ ಬೀಚ್‌ನ ಈ ಕತೆಯನ್ನ ಯಾರೂ ಸರಿಯಾಗಿ ಹೇಳೇ ಇಲ್ವಾ? ಹೇಳಿದ್ದಾರೆ, ಅದೂ 1966ರಲ್ಲಿ. ಕಿಪ್ ವ್ಯಾಗ್ನರ್ ಅವರ 'ಪೀಸಸ್ ಆಫ್ ಏಟ್' (ಬರವಣಿಗೆಗೆ ಜೊತೆಯಾದವರು ಎಲ್. ಬಿ. ಟೇಲರ್) ಈ ಎಲ್ಲ ವಿಡಿಯೋಗಳ ಮೂಲಪುರುಷ ಅನ್ನಬಹುದು. ವ್ಯಾಗ್ನರ್ ಫ್ಲಾರಿಡಾದ ಸೆಬಾಸ್ಟಿಯನ್ ಕಡೆಯ ಕಟ್ಟಡ ಕಂಟ್ರಾಕ್ಟರ್. ಬಿರುಗಾಳಿ ಬಂದುಹೋದ ಮೇಲೆ ಆ ದಡದಲ್ಲಿ ಕಪ್ಪಗೆ, ವಕ್ರವಕ್ರವಾಗಿ ಚಪ್ಪಟೆ ಕಲ್ಲಿನ ಥರದ್ದು ಸಿಗ್ತಿತ್ತು. ಉಜ್ಜಿ ನೋಡಿದ್ರೆ ಸ್ಪೇನಿನ ಬೆಳ್ಳಿ ನಾಣ್ಯ.

ಈಗಿನ ಯೂಟ್ಯೂಬರ್ ಆಗಿದ್ರೆ ವಿಡಿಯೋ ಅಲ್ಲಿಗೇ ಮುಗೀತಿತ್ತು. ವ್ಯಾಗ್ನರ್ ಅಲ್ಲಿಂದ ಶುರು ಮಾಡ್ತಾರೆ. ಸಿಕ್ಕ ನಾಣ್ಯಗಳಲ್ಲಿ ಒಂದರ ಮೇಲೂ 1715ರ ನಂತರದ ಇಸವಿ ಇಲ್ಲ, ಯಾಕೆ? ಆ ವರ್ಷ ಜುಲೈ 24ರಂದು ಹವಾನಾದಿಂದ ಸ್ಪೇನಿಗೆ ಹೊರಟ ಹಡಗುಗಳ ಪೈಕಿ ಹನ್ನೊಂದು, ಒಂದೇ ವಾರದಲ್ಲಿ ಚಂಡಮಾರುತಕ್ಕೆ ಸಿಕ್ಕಿ ಒಡೆದುಹೋಗಿದ್ದವು. ಸತ್ತವರು ಸಾವಿರದ ಆಸುಪಾಸು. ಆದರೆ ಸ್ಮಿತ್ಸೋನಿಯನ್ ಸಂಸ್ಥೆಯ ಪರಿಣತರು, ಆ ಹಡಗುಗಳು ಮುಳುಗಿದ್ದು ಅಲ್ಲಲ್ಲ, ಬಹಳ ದೂರ ದಕ್ಷಿಣದಲ್ಲಿ ಅಂದುಬಿಟ್ಟರು. ವ್ಯಾಗ್ನರ್ ಒಪ್ಪಲಿಲ್ಲ. ಅವರ ಗೆಳೆಯ ಡಾಕ್ಟರ್ ಕೆಲ್ಸೋ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಹೋಗಿ ಬರ್ನಾರ್ಡ್ ರೋಮನ್ಸ್ 1775ರಲ್ಲಿ ತಂದ ಪುಸ್ತಕ ಹುಡುಕಿ ತೆಗೆದರು. ಅದರ ನಕ್ಷೆಯಲ್ಲಿ ಸೆಬಾಸ್ಟಿಯನ್ ನದಿಯ ಎದುರಿಗೇ ಆ ಹಡಗುಗಳ ಗುರುತಿತ್ತು. ಸ್ಪೇನಿನ ಸೆವಿಲ್ ದಫ್ತರದಿಂದ ಹಳೇ ಸ್ಪ್ಯಾನಿಷ್ ದಾಖಲೆಗಳ ಮೈಕ್ರೋಫಿಲ್ಮ್ ಬಂತು. ಹದಿನೈದು ಡಾಲರ್ ಕೊಟ್ಟು ಕೊಂಡ, ಸೈನ್ಯ ಬಳಸಿ ಬಿಟ್ಟ ಡಿಟೆಕ್ಟರ್ ಹಿಡಿದು ಅವರು ದಡದ ಪೊದೆಗಳಲ್ಲಿ ಅಲೆದು, ಹಡಗು ಒಡೆದ ಮೇಲೆ ಜನ ಬೀಡುಬಿಟ್ಟಿದ್ದ ಜಾಗವನ್ನೇ ಪತ್ತೆಮಾಡಿದರು.

ನನ್ನ ಪ್ರಕಾರ ಪುಸ್ತಕದ ಜೀವ ಇರೋದು ಈ ಭಾಗದಲ್ಲಿ. ಇಲ್ಲಿ ನಾಣ್ಯ ಒಂದು ಪ್ರಶ್ನೆ. ಯಾರದ್ದು, ಎಲ್ಲಿಂದ ಬಂತು, ಹೇಗೆ ಇಲ್ಲಿಗೆ ಬಿತ್ತು? ಡೈವಿಂಗ್ ಶುರುವಾಗಿ ಚಿನ್ನ ರಾಶಿರಾಶಿ ಬರತೊಡಗಿದ ಮೇಲೆ ಪ್ರಶ್ನೆ ಕರಗಿ ಲೆಕ್ಕ ಉಳಿಯುತ್ತೆ. ಎಷ್ಟು ಸಿಕ್ತು, ಎಷ್ಟು ಬೆಲೆ? ಸತ್ತ ಸಾವಿರ ಜನ ಹಿನ್ನೆಲೆಗೆ ಸರೀತಾರೆ. ಇವತ್ತಿನ ವಿಡಿಯೋಗಳು ವ್ಯಾಗ್ನರ್ ಅವರಿಂದ ಈ ಎರಡನೇ ಭಾಗವನ್ನ ಮಾತ್ರ ಕಲಿತವು.

ಕಲಿತದ್ದರ ಫಲ ಏನು ಅಂತಾನೂ ನೋಡಿ. ಅದೇ 1715ರ ಹಡಗುಗಳಿಂದ 2015ರಲ್ಲಿ 101 ಚಿನ್ನದ ನಾಣ್ಯ ತೆಗೆದ ಗುಂಪೊಂದು, 50 ನಾಣ್ಯ ಬಚ್ಚಿಟ್ಟು ಬರೀ 51ರ ಲೆಕ್ಕ ಕೊಟ್ಟಿತು ಅಂತ ಫ್ಲಾರಿಡಾ ಅಧಿಕಾರಿಗಳು 2024ರಲ್ಲಿ ಹೇಳಿದರು. 37 ನಾಣ್ಯ ವಾಪಸ್ ಸಿಕ್ಕವು. ಕದ್ದ ಮೂರು ನಾಣ್ಯಗಳನ್ನ ಮತ್ತೆ ಸಮುದ್ರದ ತಳದಲ್ಲಿಟ್ಟು, ಹೊಸ ಹೂಡಿಕೆದಾರರ ಮುಂದೆ "ಈಗಷ್ಟೇ ಸಿಕ್ತು" ಅಂತ ತೋರಿಸುವ ಏರ್ಪಾಡೂ ನಡೆದಿತ್ತು ಅನ್ನೋದು ಆರೋಪ. ಇದನ್ನ ಓದಿದ ದಿನದಿಂದ ನಾನು ಆ ತೆರೆದ ಬಾಯಿಗಳನ್ನ ನೋಡುವ ರೀತಿಯೇ ಬದಲಾಯ್ತು. ಎಲ್ಲರೂ ಮೋಸಗಾರರು ಅಂತಲ್ಲ. ಬೀಪ್ ಆದ ಕ್ಷಣವೇ ಸರಕಾದಾಗ ಆ ಕ್ಷಣವನ್ನ ತಯಾರಿಸೋರೂ ಹುಟ್ಕೊಳ್ತಾರೆ.

ಇನ್ನೊಂದು ಮಾತು. ಈ ವಿಡಿಯೋಗಳಲ್ಲಿ ಬಿರುಗಾಳಿ ಯಾವಾಗಲೂ ಹೀರೋ. 2022ರ ನವೆಂಬರ್‌ನಲ್ಲಿ ನಿಕೋಲ್ ಚಂಡಮಾರುತ ವೀರೋ ಬೀಚ್‌ನ ದಕ್ಷಿಣಕ್ಕೇ ಬಂದು ಅಪ್ಪಳಿಸಿತು. ಬೀಚ್ ಬೇಟೆಗಾರರ ಪಾಲಿಗೆ ಹಬ್ಬ. ಅದೇ ಗಾಳಿಗೆ ಉತ್ತರದ ವಿಲ್ಬರ್-ಬೈ-ದ-ಸೀ ಅನ್ನೋ ಊರಲ್ಲಿ ಕೆಳಗಿನ ಮರಳು ಜಾರಿ ಮನೆಮನೆಗಳೇ ಸಮುದ್ರಕ್ಕೆ ಕುಸಿದವು. ದಕ್ಷಿಣದ ಹಚಿನ್ಸನ್ ದ್ವೀಪದಲ್ಲಿ ದಡ ಕೊಚ್ಚಿಹೋಗಿ ತಲೆಬುರುಡೆಗಳು ಮೇಲೆ ಬಂದವು; ಅದು ಮೂಲನಿವಾಸಿಗಳ ಹಳೆಯ ಸಮಾಧಿ ಅಂತ ಅಂದಾಜು. ನಾಣ್ಯವನ್ನ ಹೊರಗೆ ಹಾಕುವ ಅಲೆಯೇ ಇದನ್ನೂ ಹಾಕುತ್ತೆ. ಕ್ಯಾಮೆರಾ ಒಂದನ್ನ ನೋಡಿ ಕುಣಿದು ಇನ್ನೊಂದಕ್ಕೆ ಬೆನ್ನು ಹಾಕಿದ್ರೆ ಅದಕ್ಕೆ ಅರ್ಧ ಕುರುಡು ಅನ್ನದೇ ಏನನ್ನೋದು?

ಇಷ್ಟೆಲ್ಲ ಬೈದು ನಾನ್ಯಾಕೆ ನೋಡ್ತೀನಿ? ನಾನು ಐದನೇ ಕ್ಲಾಸಲ್ಲಿದ್ದಾಗ ಕಾಪು ಬೀಚ್‌ನಲ್ಲಿ ಅಮ್ಮನ ಒಂದು ಕಿವಿಯೋಲೆ ಬಿದ್ದುಹೋಯ್ತು. ಅಜ್ಜಿ ಅವಳ ಮದುವೆಗೆ ಮಾಡಿಸಿಕೊಟ್ಟಿದ್ದು. ಕತ್ತಲಾಗೋವರೆಗೂ ಅಪ್ಪ, ನಾನು, ಪಕ್ಕದಲ್ಲಿ ಚುರುಮುರಿ ಮಾರ್ತಿದ್ದವರು ಎಲ್ಲ ಸೇರಿ ಬೆರಳಲ್ಲೇ ಮರಳು ಬಗೆದ್ವಿ. ಸಿಗಲಿಲ್ಲ. "ಹೋಗ್ಲಿ ಬಿಡ್ರೀ" ಅಂತ ಅಮ್ಮ ಅಪ್ಪನಿಗೆ ಹೇಳಿದಳು, ಬಸ್ಸಲ್ಲಿ ಮಾತ್ರ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಉಳಿದ ಇನ್ನೊಂದು ಓಲೆ ಈಗಲೂ ಕುಂಕುಮದ ಡಬ್ಬಿಯಲ್ಲಿದೆ. ಹಾಗಾಗಿ ಯಾರೋ ಉಂಗುರ ಎತ್ತಿ ಕುಣಿದಾಗಲೆಲ್ಲ ನನಗೆ ಬಸ್ಸಿನ ಆ ಕಿಟಕಿಯೇ ಕಾಣೋದು.

ಕಳೆದ ವಾರ ಮಾತ್ರ ಬೇರೆ ಥರದ್ದೊಂದು ಸಿಕ್ತು. ಉಂಗುರದ ಒಳಗಡೆ ಕೆತ್ತಿದ ಹೆಸರು, ತಾರೀಖು ಓದಿ, ವಾರಗಟ್ಟಲೆ ಹುಡುಕಿ, ಕಳೆದುಕೊಂಡ ಹೆಂಗಸಿನ ಕೈಗೇ ಕೊಟ್ಟ ವಿಡಿಯೋ. ಬೀಪ್ ಇದ್ದಿದ್ದು ಒಂದೇ ಒಂದು, ಉಳಿದ ಇಪ್ಪತ್ತು ನಿಮಿಷ ಬರೀ ವಿಚಾರಣೆ. ವ್ಯಾಗ್ನರ್ ಶುರುವಿನಲ್ಲಿ ಕೇಳಿದ ಪ್ರಶ್ನೆಯನ್ನ ಇವರು ಕೊನೆಯವರೆಗೂ ಕೈಬಿಟ್ಟಿರಲಿಲ್ಲ.

ಇದನ್ನೋದಿ ಆಗಲೇ ಅಮೆಜಾನ್‌ನಲ್ಲಿ ಡಿಟೆಕ್ಟರ್ ರೇಟ್ ನೋಡ್ತಿರೋ ಗೆಳೆಯರಿಗೊಂದು ಮಾತು: ನಮ್ಮಲ್ಲಿ 1878ರ ನಿಧಿ ಕಾಯ್ದೆ ಇನ್ನೂ ಇದೆ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೂ ಕಲೆಕ್ಟರಿಗೆ ಬರೆದು ತಿಳಿಸಬೇಕು. ಇನ್ನು ಕಾಪು ಬೀಚ್‌ನಲ್ಲಿ ಒಂಟಿ ಓಲೆ ಸಿಕ್ಕರೆ ನನಗೊಂದು ಮೆಸೇಜ್ ಹಾಕಿ. ಜೋಡಿ ನಮ್ಮನೇಲಿದೆ.