ಹಾಡಿನ ಲೆಕ್ಕ, ಹೆಜ್ಜೆಯ ಲೆಕ್ಕ

ಬಾಳೆಲೆ ಹರಡಿ, ಊಟ ಮುಗಿಸಿ, ಎಲೆ ಎತ್ತುವುದರೊಳಗೆ ಹತ್ತರವರೆಗೆ ಕಲಿಸುವ ಎಣಿಕೆಯ ಹಾಡು ಯಾರಿಗೆ ಗೊತ್ತಿಲ್ಲ? ಬಡಿಸುವ ಕ್ರಮವೂ ಅಂಕಿಯ ಕ್ರಮವೂ ಕೈಹಿಡಿದು ನಡೆಯುವ ಅದರ ಚೆಲುವಿಗೆ ನಾನೂ ಸೋತವಳೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಹಾಡು, ಆಟಗಳನ್ನು ಪಾಠದೊಳಗೇ ತಂದಾಗ ಹಿಗ್ಗಿದ್ದೆ.

ಒಂದು ದಿನ, ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದ ಹುಡುಗಿಗೆ “ಏಳು ಹುಣಸೆಬೀಜ ಕೊಡು ಪುಟ್ಟಿ” ಎಂದೆ. ಮುಷ್ಟಿ ತುಂಬ ಸುರಿದಳು. “ಎಣಿಸು” ಎಂದರೆ ಹಾಡತೊಡಗಿದಳು. ಹಾಡು ಹತ್ತಕ್ಕೆ ಮುಗಿಯಿತು. ಬೆರಳು ಮುಟ್ಟಿದ್ದು ಐದೇ ಬೀಜ. ಅವಳಿಗೆ ಲೆಕ್ಕ ಬರುತ್ತದೆಂದು ತಿಂಗಳುಗಟ್ಟಲೆ ನಂಬಿದ್ದವಳು ನಾನು!

ಆ ಹಾಡಿನಲ್ಲಿ ಅಂಕಿಗಳು ಜೋಡಿಜೋಡಿಯಾಗಿ ಬರುತ್ತವೆ. ಪ್ರಾಸಕ್ಕೆ ಜೋಡಿ ಸಾಕು. ಎಣಿಕೆಗೆ ಒಂದು ಅಂಕಿಗೆ ಒಂದೇ ವಸ್ತು ಬೇಕು. ನಾವು ಆಡಿದ ಕುಂಟೆಬಿಲ್ಲೆಯಲ್ಲಿ ಅದಿತ್ತು. ಅಂಗಳದಲ್ಲಿ ಹತ್ತು ಮನೆ ಬರೆದೆ. ಒಂದು ಅಂಕಿ, ಒಂದು ಹೆಜ್ಜೆ, ಏಳಕ್ಕೆ ನಿಲ್ಲಬೇಕು. ಕೆಲವು ದಿನಗಳ ಮೇಲೆ ಆಕೆ ಏಳು ಬೀಜ ಎಣಿಸಿ ನನ್ನ ಅಂಗೈಯಲ್ಲಿಟ್ಟಳು.

ಹಾಡು ಬೇಡವೆನ್ನಲಾರೆ, ಅಂಕಿಗಳ ಸಾಲು ನಾಲಿಗೆಗೆ ಹತ್ತಿದ್ದು ಅದರಿಂದಲೇ. ಆದರೆ ಮಗು ಹಾಡಿತೆಂದು ಹಿಗ್ಗುವ ತಾಯಂದಿರೇ, ಅಡುಗೆಮನೆಯಿಂದ ನಾಲ್ಕು ಚಮಚ ತರಲು ಹೇಳಿ ನೋಡಿ.