ಹೆಂಡತಿಯ ಹೆದರಿಕೆ

‘ನಾ ನಿನ್ನ ಬಿಡಲಾರೆ’ ನೋಡಿ ಹೆದರದ ಹುಡುಗರು ನಮ್ಮ ತಿಪಟೂರು ಸೀಮೆಯಲ್ಲಿ ಇದ್ದರೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಚಿತ್ರ ತೆರೆಕಂಡದ್ದು 1979ರಲ್ಲಿ. ನಮ್ಮ ಟೆಂಟಿಗೆ ಬರುವ ಹೊತ್ತಿಗೆ ಪ್ರಿಂಟು ಊರೂರು ಸುತ್ತಿ ಬಳಲಿತ್ತು. ಪರದೆಯ ತುಂಬ ಮಳೆ ಹಿಡಿದಂತೆ ಗೀರುಗಳು. ಅದರಿಂದ ಭಯವೇನೂ ಕಡಿಮೆಯಾಗಲಿಲ್ಲ.

ಟೆಂಟಿನಲ್ಲಿ ಪ್ರೊಜೆಕ್ಟರ್ ಒಂದೇ. ಸಾವಿರ ಅಡಿ ಫಿಲಂ ಓಡುವುದು 11 ನಿಮಿಷ. ಸುರುಳಿ ಮುಗಿದಾಗಲೆಲ್ಲ ಆಟ ನಿಲ್ಲಬೇಕು, ಇನ್ನೊಂದನ್ನು ಏರಿಸಬೇಕು. ಬೇರೆ ಸಿನಿಮಾಗಳಲ್ಲಿ ಆ ಬಿಡುವು ಬೀಡಿಗೆ, ಕಡಲೆಕಾಯಿಗೆ. ಈ ಚಿತ್ರದಲ್ಲಿ ಮಾತ್ರ ನೆಲದಲ್ಲಿ ಕೂತವರು ಬೆಂಚಿನವರ ಕಾಲಿಗೆ ಒತ್ತಿಕೊಂಡು ಕೂರುತ್ತಿದ್ದರು. ಮುಂದೇನು ಎಂಬುದನ್ನು ಸಿನಿಮಾ ತೋರಿಸುವ ಮೊದಲೇ ನಾವು ತೋರಿಸಿಕೊಂಡು ಮುಗಿಸಿರುತ್ತಿದ್ದೆವು.

ಎರಡನೇ ಆಟ ಬಿಟ್ಟ ಮೇಲೆ ಮನೆಗೆ ತೋಟದ ಬದುವಿನ ಮೇಲೇ ದಾರಿ. ಗಾಳಿ ಇಲ್ಲದ ರಾತ್ರಿಯಲ್ಲೂ ಒಣಗಿದ ಗರಿ ಕಳಚುತ್ತದೆ. ಮೊದಲು ಮೇಲೆಲ್ಲೋ ಸರಸರ, ಆಮೇಲೆ ಬೆನ್ನ ಹಿಂದೆಯೇ ದೊಪ್ ಎಂದು. ಮನೆ ಸೇರಿದರೂ ಬಿಡುಗಡೆಯಿಲ್ಲ. ತಲೆಯ ಮೇಲೆ ಅಟ್ಟ. ಉಂಡೆ ಕೊಬ್ಬರಿ ಮಾಡುವವರು ಬಲಿತ ಕಾಯನ್ನು ಎಂಟು ತಿಂಗಳಿಂದ ವರ್ಷದವರೆಗೆ ಅಟ್ಟದಲ್ಲಿ ಕೂಡಿಡುತ್ತಾರೆ. ಒಳಗಿನ ನೀರು ಬತ್ತಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಕಾಯಿ ಅಲುಗಿದರೆ ಲೊಟಲೊಟ ಎನ್ನುತ್ತದೆ. ಒಂದು ಇಲಿ ಓಡಿದರೆ ಸಾಕು, ರಾಶಿಯೇ ಜರಿಯುತ್ತದೆ. ಕಂಬಳಿಯೊಳಗೆ ಮುದುರಿದ ಹುಡುಗನಿಗೆ ಅದು ಇಲಿ ಎಂದು ಯಾರು ಹೇಳಬೇಕು?

ಭಯಾನಕ ರಸಕ್ಕೆ ಭರತ ಕೊಡುವ ಕಾರಣಗಳನ್ನು ದೊಡ್ಡವನಾದ ಮೇಲೆ ಓದಿದೆ: ವಿಕಾರವಾದ ಸದ್ದು, ಭೂತದ ದರ್ಶನ, ನರಿ ಗೂಬೆಗಳ ಅಂಜಿಕೆ, ಪಾಳುಮನೆ, ಕಾಡಿನ ದಾರಿ. ನಮ್ಮ ಟೆಂಟು ಇವುಗಳಲ್ಲಿ ಒಂದೆರಡನ್ನು ಪರದೆಯ ಮೇಲೆ ಕೊಟ್ಟು ಉಳಿದವನ್ನು ಮನೆಯ ದಾರಿಗೆ ಬಿಡುತ್ತಿತ್ತು. ರಸವಿಚಾರವನ್ನು ನನಗೆ ಕಲಿಸಿದ ಪುಸ್ತಕವೂ ಈ ಸೀಮೆಯವರದೇ ಎನ್ನುವುದು ನನಗೆ ಹೆಮ್ಮೆ. ತೀನಂಶ್ರೀ ಅವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. 1953ರಲ್ಲಿ ಬಂದ ಅವರ ‘ಭಾರತೀಯ ಕಾವ್ಯಮೀಮಾಂಸೆ’ಯಷ್ಟು ತಿಳಿಯಾಗಿ ಈ ವಿಷಯ ಹೇಳುವ ಇನ್ನೊಂದು ಕನ್ನಡ ಪುಸ್ತಕವನ್ನು ನಾನು ಕಂಡಿಲ್ಲ.

ಈಚೆಗೆ ಚಿತ್ರವನ್ನು ಮತ್ತೆ ನೋಡಿದೆ. ಕಥೆ ಗೊತ್ತಿರುವುದೇ. ದೇವರನ್ನು ನಂಬದ ಕೃಷ್ಣನನ್ನು ಬಯಸಿದ ಕಾಮಿನಿಯ ಆತ್ಮ ಅವನ ಮೈಯನ್ನೇ ಹೊಗುತ್ತದೆ. ಹೆಂಡತಿ ಅವನನ್ನು ಬಿಡಿಸಿಕೊಳ್ಳಬೇಕು. ‘ಗಂಧದ ಗುಡಿ’, ‘ಮಯೂರ’ಗಳನ್ನು ಕೊಟ್ಟ ವಿಜಯ್ ಇದರ ನಿರ್ದೇಶಕರು. ರಾಜನ್-ನಾಗೇಂದ್ರರ ಹಾಡುಗಳು ಇವತ್ತಿಗೂ ಮಾಸಿಲ್ಲ. ಆಗಿನ ತಂತ್ರಗಳು ಹಳತಾಗಿವೆ, ನಿಜ. ಅನಂತನಾಗ್ ಹಳತಾಗಿಲ್ಲ. ಅಷ್ಟು ಸೌಮ್ಯ ಮುಖ, ಅದರೊಳಗಿಂದ ಬೇರೆ ಯಾರೋ ನೋಡುತ್ತಾರೆ. ‘ಚಂದನದ ಗೊಂಬೆ’, ‘ಮುದುಡಿದ ತಾವರೆ ಅರಳಿತು’, ‘ಗಾಯತ್ರಿ ಮದುವೆ’ಗಳ ಅನಂತನಾಗ್ ಮತ್ತು ಲಕ್ಷ್ಮಿ ನಮಗೆ ಪಕ್ಕದ ಮನೆಯ ಗಂಡಹೆಂಡಿರು. ಆ ಮನೆಯೊಳಗೇ ಇದು ನಡೆಯುತ್ತದೆ ಎನ್ನುವುದೇ ಚಿತ್ರದ ನಿಜವಾದ ಬಲ.

ಹುಡುಗನಾಗಿದ್ದಾಗ ನಾನು ಅವನನ್ನೇ ನೋಡುತ್ತಿದ್ದೆ. ಈ ಸಲ ಕಣ್ಣು ಲಕ್ಷ್ಮಿಯ ಮೇಲೆ ನಿಂತಿತು. ದೆವ್ವ ಹಿಡಿದವನಿಗೆ ಏನಾಗುತ್ತಿದೆಯೆಂದು ಅವನಿಗೇ ಗೊತ್ತಿಲ್ಲ. ಹೆದರಿಕೆಯೆಲ್ಲ ಅವಳ ಪಾಲಿಗೆ. ಪ್ರೀತಿಯ ಗಂಡ ರಾತ್ರಿ ಯಾರಾಗಿ ಒಳಗೆ ಬರುತ್ತಾನೋ ಎಂದು ಕಾಯುವವಳು ಅವಳು.

ನಮ್ಮ ಕಡೆ ದೆವ್ವ ಹಿಡಿಯುವುದು ಹೆಚ್ಚಾಗಿ ಹೆಂಗಸರಿಗೆ, ಅದರಲ್ಲೂ ಹೊಸ ಸೊಸೆಗೆ, ಬಾಣಂತಿಗೆ. ಬೇವಿನ ಬರಲಿನ ಏಟು ತಿಂದವರೂ ಅವರೇ. ಸಿನಿಮಾಗಳೂ ಬಹುಮಟ್ಟಿಗೆ ಇದೇ ಜಾಡಿನವು. ‘ದಿ ಎಕ್ಸಾರ್ಸಿಸ್ಟ್’ (1973)ನಲ್ಲಿ ಮೈದುಂಬಿಸಿಕೊಂಡವಳು ಪುಟ್ಟ ಹುಡುಗಿ, ಬಿಡಿಸುವವರು ಪಾದ್ರಿಗಳು. ‘ಆಪ್ತಮಿತ್ರ’ (2004)ದಲ್ಲಿ ನರಳುವವಳು ಸೌಂದರ್ಯ, ಗುಣಪಡಿಸುವವರು ವೈದ್ಯ ವಿಷ್ಣುವರ್ಧನ್. ‘ನಾ ನಿನ್ನ ಬಿಡಲಾರೆ’ ಇದನ್ನು ತಿರುಗಿಸಿ ನಿಲ್ಲಿಸಿತು: ಹಿಡಿದದ್ದು ದೇವರನ್ನೇ ನಂಬದ ಗಂಡಸಿಗೆ, ಕಾದಾಡಿದ್ದು ಅವನ ಹೆಂಡತಿ. ಇದೇ ಕಥೆ 1981ರಲ್ಲಿ ಹಿಂದಿಯಲ್ಲಿ ‘ಮಂಗಲಸೂತ್ರ’ವಾದಾಗ ಗಂಡನಾಗಿ ಮತ್ತೆ ಅನಂತನಾಗ್ ಇದ್ದರು, ಹೆಂಡತಿಯ ಪಾತ್ರಕ್ಕೆ ರೇಖಾ ಬಂದರು. ಆ ಪಾತ್ರದ ತೂಕ ಹೆಸರಿನಲ್ಲೇ ಸೇರಿಬಿಟ್ಟಿತು.

ಕೊನೆಯಲ್ಲಿ ಮಂತ್ರಾಲಯ, ರಾಯರು. ರಾಯರ ಹೆಸರು ಬಂದಾಗ ಟೆಂಟಿನಲ್ಲಿ ಕೈಮುಗಿದವರನ್ನು ಕಂಡಿದ್ದೇನೆ. ಕಥೆ ಕಟ್ಟಿಕೊಂಡ ಗಂಟನ್ನು ಭಕ್ತಿಯಿಂದ ಸುಲಭವಾಗಿ ಬಿಚ್ಚಿದರು ಎಂದು ದೂರುವ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. ಅವಳ ಜಾಗದಲ್ಲಿ ನಮ್ಮೂರಿನ ಒಬ್ಬ ಹೆಣ್ಣುಮಗಳನ್ನು ನಿಲ್ಲಿಸಿ ನೋಡಲಿ. ಗಂಡ ಗಂಡನಾಗಿ ಉಳಿದಿಲ್ಲ ಎಂದು ಅವಳು ಆಗ ಯಾರಿಗೆ ಹೇಳಬಹುದಿತ್ತು? ಅತ್ತೆಗೆ ಹೇಳಿದರೆ ತಪ್ಪು ಅವಳದೇ ಆಗುತ್ತಿತ್ತು. ತವರಿಗೆ ಹೋದರೆ ಎರಡು ದಿನ ಇಟ್ಟುಕೊಂಡು, ಮಡಿಲು ತುಂಬಿ, ತಿರುಗಿ ಅದೇ ಮನೆಗೆ ಬಸ್ಸು ಹತ್ತಿಸುತ್ತಿದ್ದರು.