ನೋಡಲಾಗದವನು ಬರೆದ ಚಿತ್ರ

ಅನುಭವಿಸಿದವನೇ ಬರೆದು, ನಿರ್ದೇಶಿಸಿ, ಸಾಧ್ಯವಾದರೆ ನಟಿಸಿದರೆ ಮಾತ್ರ ನೋವಿನ ಕಥೆ ಪ್ರಾಮಾಣಿಕವಾಗುತ್ತದೆ ಎಂಬ ನಂಬಿಕೆ ಕಿರುಚಿತ್ರ ಮಾಡಹೊರಟ ನಮ್ಮ ಯುವಕರಲ್ಲಿ ಬಲವಾಗಿದೆ. 1956ರಲ್ಲಿ ತೆರೆಕಂಡ ಫ್ರೆಂಚ್ ಚಿತ್ರ 'ರಾತ್ರಿ ಮತ್ತು ಮಂಜು' ಈ ನಂಬಿಕೆಯನ್ನು ಅಲುಗಾಡಿಸುತ್ತದೆ.

ಕೇವಲ 32 ನಿಮಿಷಗಳ ಈ ಚಿತ್ರ ನಾಝಿಗಳ ಯಾತನಾ ಶಿಬಿರಗಳ ಕುರಿತಾದದ್ದು. ನಿರ್ದೇಶನಕ್ಕೆ ಕರೆ ಬಂದಾಗ ಅಲಾಂ ರೆನೆ ಹಿಂಜರಿದರು. ಶಿಬಿರವನ್ನು ಅನುಭವಿಸದ ತನಗೆ ಅದರ ಬಗ್ಗೆ ಮಾತನಾಡುವ ಹಕ್ಕೇನಿದೆ ಎಂಬ ಅಳುಕು ಅವರದು. ಅಲ್ಲಿಂದ ಬದುಕಿ ಬಂದವರೊಬ್ಬರು ಜೊತೆಗಿರಬೇಕು ಎಂಬ ಷರತ್ತಿನ ಮೇಲೆ ಒಪ್ಪಿದರು. ಹಾಗೆ ಬಂದವರು ಕವಿ ಝಾನ್ ಕೇರೋಲ್. ನಾಝಿಗಳ ವಿರುದ್ಧ ಗುಪ್ತ ಹೋರಾಟದಲ್ಲಿದ್ದ ಅವರನ್ನು 1942ರಲ್ಲಿ ಬಂಧಿಸಿ, ಮರುವರ್ಷ ಆಸ್ಟ್ರಿಯಾದ ಮೌಟ್‌ಹೌಸನ್ ಶಿಬಿರಕ್ಕೆ ಸಾಗಿಸಲಾಗಿತ್ತು. ಚಿತ್ರದ ಹೆಸರು ಹಿಟ್ಲರನ 1941ರ ಆಜ್ಞೆಯೊಂದರದ್ದು. ಬಂಧಿತರು ರಾತ್ರಿಯ ಮಂಜಿನಲ್ಲಿ ಕರಗಿದಂತೆ ಕಾಣೆಯಾಗಬೇಕು, ಬದುಕಿದ್ದಾರೋ ಸತ್ತಿದ್ದಾರೋ ಎಂಬುದು ಮನೆಯವರಿಗೂ ತಿಳಿಯಕೂಡದು. ಕೇರೋಲ್ ಅಂಥ ಕೈದಿ.

ಜೋಡಿಸಿದ ದೃಶ್ಯಗಳನ್ನು ಕಂಡ ಕೇರೋಲ್ ಕುಸಿದುಹೋದರು. ಮತ್ತೆ ಸಂಕಲನದ ಕೋಣೆಗೆ ಬರಲಾಗದೆ, ಚಿತ್ರವನ್ನು ನೋಡದೆಯೇ ನಿರೂಪಣೆ ಬರೆದುಕೊಟ್ಟರು. ಅದು ದೃಶ್ಯಗಳಿಗೆ ಹೊಂದಲಿಲ್ಲ. ಆಗ ಕ್ರಿಸ್ ಮಾರ್ಕರ್ ಅದನ್ನು ಚಿತ್ರದ ಅಳತೆಗೆ ತಿದ್ದಿದರು. ಆ ಕರಡನ್ನು ಕೇರೋಲ್ ಮತ್ತೆ ಕೈಗೆತ್ತಿಕೊಂಡು ಪೂರ್ತಿಗೊಳಿಸಿದರು. ಓದಿದ್ದು ನಟ ಮಿಶೆಲ್ ಬುಕೆ. ಕೇರೋಲರ ಮುಖವಾಗಲಿ, ಅವರ ಬಂಧನದ ಕಥೆಯಾಗಲಿ ಚಿತ್ರದಲ್ಲಿ ಎಲ್ಲಿಯೂ ಇಲ್ಲ.

ಆದರೂ ಅಲ್ಲಿದ್ದವನ ಗುರುತು ಮಾತುಮಾತಿನಲ್ಲೂ ಸಿಗುತ್ತದೆ. ಸೂಪಿನ ಒಂದೊಂದು ಚಮಚಕ್ಕೂ ಇದ್ದ ಬೆಲೆ, ರಾತ್ರಿ ಶೌಚಾಲಯಕ್ಕೆ ಹೋಗುವ ಭಯ - ಇಂಥವು ಕಡತಗಳನ್ನಷ್ಟೇ ಓದಿದವನಿಗೆ ಹೊಳೆಯುವುದಿಲ್ಲ. ರೆನೆಯ ಕ್ಯಾಮರಾ 1955ರ ಔಶ್ವಿಟ್ಝ್‌ನಲ್ಲಿ ನಿಧಾನವಾಗಿ ಚಲಿಸುತ್ತದೆ. ಹುಲ್ಲು ಬೆಳೆದ ರೈಲು ಹಳಿ, ಖಾಲಿ ಮಂಚಗಳು, ಎಲ್ಲವೂ ಬಣ್ಣದಲ್ಲಿ. ನಡುನಡುವೆ ಹಳೆಯ ಕಪ್ಪುಬಿಳುಪು ಚಿತ್ರಗಳು. ಹಾನ್ಸ್ ಐಸ್ಲರರ ಸಂಗೀತವಂತೂ ದೃಶ್ಯ ಭೀಕರವಾದಷ್ಟೂ ಹಗುರಾಗುತ್ತದೆ. ಕಣ್ಣೀರಿಗಿಂತ ಮೊದಲೇ ಪಿಟೀಲು ಶುರುವಾಗುವ ನಮ್ಮ ಕಿರುಚಿತ್ರಗಳಿಗೆ ಒಗ್ಗಿದ ಕಿವಿಗೆ ಇದು ಆರಂಭದಲ್ಲಿ ನಿರ್ದಯವೆನಿಸೀತು.

ಹಾಗೆಂದು ಚಿತ್ರ ದೋಷಮುಕ್ತವಲ್ಲ. ಯಹೂದಿಗಳ ಸಾಮೂಹಿಕ ಹತ್ಯೆಯ ಈ ಕಥನದಲ್ಲಿ 'ಯಹೂದಿ' ಎಂಬ ಪದ ಒಂದೇ ಒಂದು ಬಾರಿ ಬರುತ್ತದೆ. ಕೇರೋಲ್ ರಾಜಕೀಯ ಕೈದಿಯಾಗಿದ್ದರು. ಹುಟ್ಟಿದ ಜನಾಂಗದ ಕಾರಣಕ್ಕೆ ಕೊಲ್ಲಲ್ಪಟ್ಟವರ ಪಾಡು ಅವರ ಪಾಡಿನೊಳಗೆ ಸೇರಿ ಮಸುಕಾಗಿದೆ. ಸ್ವಾನುಭವಕ್ಕೂ ಕುರುಡುತನವಿದೆ. ಔಶ್ವಿಟ್ಝ್‌ನಿಂದ ಬದುಕಿ ಬಂದ ಇಟಲಿಯ ಯಹೂದಿ ಲೇಖಕ ಪ್ರೀಮೋ ಲೆವಿ ಇನ್ನೂ ಮುಂದೆ ಹೋಗಿ, ಮರಳಿ ಬಾರದವರೇ ನಿಜವಾದ ಸಾಕ್ಷಿಗಳು, ಬದುಕುಳಿದ ನಾವಲ್ಲ ಎಂದು ವಾದಿಸಿದರು. ಹಸಿವಿನಿಂದ ಮಾತೂ ಬತ್ತಿ ಸಾವಿಗೆ ಕಾದಿದ್ದ ಅಂಥವರನ್ನು ಶಿಬಿರದ ಭಾಷೆಯಲ್ಲಿ 'ಮುಸಲ್ಮಾನ' ಎನ್ನುತ್ತಿದ್ದರೆಂದು ಅವರು ಬರೆದಿದ್ದಾರೆ. ಆ ಪದದ ಬಳಿ ನಮ್ಮ ಓದು ಸ್ವಲ್ಪ ಹೊತ್ತು ನಿಂತುಬಿಡುತ್ತದೆ.

ಕೇರೋಲರ ಕೊನೆಯ ಸಾಲುಗಳು ಶಿಬಿರವನ್ನು ಬಿಟ್ಟು ನೋಡುಗನ ಕಡೆಗೆ ತಿರುಗುತ್ತವೆ. ಇದೆಲ್ಲ ಒಂದು ದೇಶದ, ಒಂದು ಕಾಲದ ಕ್ರೌರ್ಯವೆಂದು ನೆಮ್ಮದಿಯಾಗಿರುವವರು ಯಾರು ಎಂಬುದು ಅವುಗಳ ಪ್ರಶ್ನೆ. ಆಗ ಅಲ್ಜೀರಿಯಾದಲ್ಲಿ ಫ್ರಾನ್ಸಿನ ಸೇನೆ ಯುದ್ಧದಲ್ಲಿತ್ತು, ಅಲ್ಲಿಯೂ ವಿಚಾರಣೆಯಿಲ್ಲದೆ ಜನರನ್ನು ಕೂಡಿಹಾಕುವ ಶಿಬಿರಗಳು ಎದ್ದಿದ್ದವು. ಚಿತ್ರ ಮಾಡುವಾಗ ತನ್ನ ಮನಸ್ಸಿನಲ್ಲಿದ್ದದ್ದು ಅಲ್ಜೀರಿಯಾವೇ ಎಂದು ರೆನೆ ನಂತರ ಹೇಳಿದ್ದಾರೆ. ತನ್ನ ಗಾಯವನ್ನೇ ತೋರಿಸುತ್ತ ಕೂತಿದ್ದರೆ ಕೇರೋಲರಿಗೆ ಈ ತಿರುವು ಸಾಧ್ಯವಾಗುತ್ತಿರಲಿಲ್ಲ.

ಫ್ರಾನ್ಸಿನ ಸೆನ್ಸಾರ್ ಮಂಡಳಿಗೆ ಎಲ್ಲಿ ಚುಚ್ಚಿತು ನೋಡಿ. ಹೆಣಗಳ ರಾಶಿಯಷ್ಟೇ ಅಲ್ಲ, ಒಂದು ಟೋಪಿಯೂ ಅದಕ್ಕೆ ಅಡ್ಡಿಯಾಯಿತು. ಫ್ರಾನ್ಸಿನದೇ ನೆಲದ ಶಿಬಿರವೊಂದನ್ನು ಕಾಯುತ್ತಿದ್ದ ಫ್ರೆಂಚ್ ಪೊಲೀಸನ ಟೋಪಿ ಹಳೆಯ ಫೋಟೋ ಒಂದರಲ್ಲಿ ಕಾಣುತ್ತಿತ್ತು. ಅದರ ಮೇಲೊಂದು ತೊಲೆ ಬಿಡಿಸಿ ಮರೆಮಾಡಿದ ಮೇಲಷ್ಟೇ ಅನುಮತಿ ಸಿಕ್ಕಿತು. ಹಲವು ದಶಕಗಳ ನಂತರದ ಪ್ರತಿಗಳಲ್ಲಿ ಆ ಟೋಪಿ ಮತ್ತೆ ಕಾಣಿಸುತ್ತದೆ.